ಪರದೆಯ ಮುಂದೆ ನಿಂತವರು

1869ರಲ್ಲಿ ಲಂಡನ್ನಿನ ಎಥ್ನಾಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಜೆ. ಎಚ್. ಲ್ಯಾಂಪ್ರಿ ಎಂಬಾತನು, ಮನುಷ್ಯದೇಹವನ್ನು ಅಳೆಯುವುದಕ್ಕೆ ತಾನು ರೂಪಿಸಿದ ಒಂದು ಸಾಧನವನ್ನು ವರ್ಣಿಸಿದನು. ಏಳಡಿ ಎತ್ತರ, ಮೂರಡಿ ಅಗಲದ ಮರದ ಚೌಕಟ್ಟು. ಅದರ ಅಂಚಿನುದ್ದಕ್ಕೂ ಎರಡೆರಡು ಅಂಗುಲಕ್ಕೊಂದರಂತೆ ಹೊಡೆದ ಮೊಳೆಗಳು. ಮೊಳೆಯಿಂದ ಮೊಳೆಗೆ ಅಡ್ಡಲಾಗಿಯೂ ಉದ್ದವಾಗಿಯೂ ಬಿಗಿದ ರೇಷ್ಮೆಯ ದಾರ. ಈ ಜಾಲದೆದುರು ಒಬ್ಬನನ್ನು ವಿವಸ್ತ್ರನಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆದುಬಿಟ್ಟರೆ, ಆರಡಿಯ ಕಲಾಶಾಲೆಯ ಮಾದರಿಯವನನ್ನೂ ಐದಡಿಗೆ ಕಡಮೆಯಾದ ಮಲಯನನ್ನೂ ಒಂದೇ ಮಾನದಂಡದಲ್ಲಿಟ್ಟು ಹೋಲಿಸಬಹುದೆಂಬುದು ಅವನ ವಾದ. ಅದೇ ವರ್ಷ ಥಾಮಸ್ ಹೆನ್ರಿ ಹಕ್ಸ್ಲಿಯೂ ಬ್ರಿಟಿಷ್ ಸಾಮ್ರಾಜ್ಯದ ನಾನಾ ಜನಾಂಗಗಳನ್ನು ಅಳತೆಗೋಲಿನ ಪಕ್ಕದಲ್ಲಿ ನಿಲ್ಲಿಸಿ, ಎದುರಿನಿಂದೊಮ್ಮೆ ಪಾರ್ಶ್ವದಿಂದೊಮ್ಮೆ ಚಿತ್ರ ತೆಗೆಯತಕ್ಕದ್ದೆಂದು ಸೂಚನೆಗಳನ್ನು ಸಿದ್ಧಪಡಿಸಿದನು. 1890ರ ದಶಕದಲ್ಲಿ ಅಂಡಮಾನಿನ ಆದಿವಾಸಿಗಳ ಮೇಲ್ವಿಚಾರಣೆಗೆ ನಿಯುಕ್ತನಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್, ದಾರದ ಜಾಲದ ಬದಲಿಗೆ ಕಪ್ಪು ಬಿಳಿ ಚೌಕಗಳ ಪರದೆಯನ್ನೇ ಹಿಂದೆ ಇಳಿಬಿಟ್ಟು, ಆ ದ್ವೀಪಗಳ ಗಂಡಸರನ್ನೂ ಹೆಂಗಸರನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಸಾಲುಸಾಲಾಗಿ ಚಿತ್ರಿಸಿದನು.

ಅಲ್ಲಿಂದ ನೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಅಂಥದೇ ಚೌಕಗಳ ಪರದೆಯನ್ನು ಮತ್ತೆ ಕಟ್ಟಿಸಿ, ಅದರ ಮುಂದೆ ತಾವೇ ಹೋಗಿ ನಿಂತರು. ಅವರು ಏಕೆ ನಿಂತರು, ಹಾಗೆ ನಿಂತದ್ದರಿಂದ ನಮಗೆ ಏನು ಕಂಡಿತು ಎಂಬುದನ್ನು ಹೇಳಬೇಕಾದರೆ ಆ ಪರದೆಯ ಪೂರ್ವೋತ್ತರವನ್ನು ಸ್ವಲ್ಪ ಸಾವಕಾಶವಾಗಿಯೇ ವಿಚಾರಿಸಬೇಕಾಗುತ್ತದೆ.

ಆಳುವವನು ಆಳಿಸಿಕೊಳ್ಳುವವನ ಚಿತ್ರವನ್ನು ಬರೆಯಿಸಿಕೊಳ್ಳುವ ಪದ್ಧತಿ ಕ್ಯಾಮೆರಾದೊಂದಿಗೆ ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದ ಅಂತ್ಯದ ವೇಳೆಗಾಗಲೇ ತಂಜಾವೂರು, ತಿರುಚಿರಾಪಳ್ಳಿಗಳ ಚಿತ್ರಗಾರರು ರಾಜಾಶ್ರಯ ಕ್ಷೀಣಿಸಿದ್ದ ಕಾರಣ ಕಂಪನಿಯ ಸಾಹೇಬರಿಗಾಗಿ ಕುಂಚ ಹಿಡಿದಿದ್ದರು. ಕುಂಬಾರ ಮತ್ತು ಆತನ ಹೆಂಡತಿ, ಅಗಸ ಮತ್ತು ಆತನ ಹೆಂಡತಿ, ಹಾವಾಡಿಗ ಮತ್ತು ಆತನ ಹೆಂಡತಿ ಎಂದು ಕಸುಬಿಗೊಂದು ಜೋಡಿಯಂತೆ ಕಾಗದದ ಮೇಲೆಯೂ ಅಭ್ರಕದ ತೆಳುಹಾಳೆಯ ಮೇಲೆಯೂ ಬರೆದ ಆ ಚಿತ್ರಗಳು ಹಡಗಿನಲ್ಲಿ ಸೀಮೆಗೆ ಹೋಗಿ ಅಲ್ಲಿನ ಮನೆಗಳ ಆಲ್ಬಮುಗಳನ್ನು ತುಂಬಿದವು. ಕೆಲಸದ ನಯ ಅಸಾಧಾರಣವಾದದ್ದು. ಸೀರೆಯ ಅಂಚಿನ ಒಂದೊಂದು ಗೆರೆಯೂ ಸ್ಪಷ್ಟ. ಆದರೆ ಆ ಕುಂಬಾರನಿಗೆ ಹೆಸರಿಲ್ಲ. ಕುಂಬಾರನೆಂಬುದೇ ಅವನ ಹೆಸರು. ಜಾತಿಯೂ ಕಸುಬೂ ಮುಖಕ್ಕಿಂತ ಮುಂದೆ ಬಂದು ನಿಲ್ಲುವ ಈ ಕ್ರಮ ಮುಂದಿನ ಸಕಲ ಚಿತ್ರಗಳಿಗೂ ಅಚ್ಚಾಗಿ ಪರಿಣಮಿಸಿತು.

ಟಿಪ್ಪೂಸುಲ್ತಾನನ ಪತನವಾದ ತರುವಾಯ ಮೈಸೂರು ಸೀಮೆ ಇಂಥ ಕುತೂಹಲಕ್ಕೆ ಒಮ್ಮೆಲೇ ತೆರೆದುಕೊಂಡಿತು. ಕಾಲಿನ್ ಮೆಕೆಂಜಿ ಸರಪಳಿ ಹಿಡಿದು ನೆಲವನ್ನು ಅಳೆದನು. ಜೊತೆಗೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿ, ಜನರ ವೇಷಭೂಷಣಗಳ ಚಿತ್ರಗಳನ್ನೂ ಬರೆಯಿಸಿದನು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಹೊರಟು ಊರೂರು ಸುತ್ತಿ ಬೆಳೆ, ಬೆಲೆ, ಜಾತಿಗಳ ವಿವರ ಬರೆದುಕೊಂಡನು. ಮೈಸೂರು ಸೀಮೆಯಲ್ಲಿ ಬಹುಕಾಲ ವಾಸಿಸಿ, ದೇವಿ ಹಾಕಿಸುವ ಕಾರ್ಯದಲ್ಲಿಯೂ ತೊಡಗಿದ್ದ ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ ಹಿಂದುಗಳ ಆಚಾರ ವಿಚಾರಗಳನ್ನು ಕುರಿತ ಹಸ್ತಪ್ರತಿಯೊಂದನ್ನು ಸಿದ್ಧಪಡಿಸಿದಾಗ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಶ್ಲಾಘಿಸಿದನು, ಮದರಾಸಿನ ಸರ್ಕಾರ ಅದನ್ನು ಹಣಕೊಟ್ಟು ಕೊಂಡಿತು, 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಪಾದ್ರಿ ಕೆರ್ದೂ ಎಂಬ ಹಿಂದಿನ ಜೆಸ್ಯೂಟನ ಬರಹದಿಂದ ಎತ್ತಿಕೊಂಡದ್ದೆಂದು ವಿದ್ವಾಂಸರು ತೋರಿಸಿಕೊಟ್ಟದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟು ತಲೆಮಾರಿನ ಅಧಿಕಾರಿಗಳು ಅದನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದೇ ಓದಿ ಜಿಲ್ಲೆಗಳಿಗೆ ಹೊರಟುಹೋಗಿದ್ದರೆಂಬುದನ್ನು ನಾವು ಊಹಿಸಿಕೊಳ್ಳಬಹುದು.

1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಛಾಯಾಗ್ರಹಣವಿದ್ಯೆ ಬಹುಬೇಗ ಹಿಂದೂಸ್ಥಾನವನ್ನು ಮುಟ್ಟಿತು. ಮುಂಬಯಿಯಲ್ಲಿ 1854ರಲ್ಲಿಯೂ, ಮದರಾಸು ಕಲ್ಕತ್ತೆಗಳಲ್ಲಿ 1856ರಲ್ಲಿಯೂ ಛಾಯಾಗ್ರಾಹಕರ ಸಂಘಗಳು ಹುಟ್ಟಿಕೊಂಡವು. ಕನ್ನಡನಾಡಿನಲ್ಲಿ ಕ್ಯಾಮೆರಾ ಮೊದಮೊದಲು ಮುಖ ಮಾಡಿದ್ದು ಮನುಷ್ಯರ ಕಡೆಗಲ್ಲ, ಕಲ್ಲಿನ ಕಡೆಗೆ. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು ಬೇಲೂರುಗಳ ಗುಡಿಗಳನ್ನು ಚಿತ್ರಿಸಿದನು. ಮರುವರ್ಷ ಅವು ಮದರಾಸಿನ ವಸ್ತುಪ್ರದರ್ಶನದಲ್ಲಿ ಪ್ರದರ್ಶಿತವಾದವು. ವೈದ್ಯನಾದ ಪಿಗೂ ಮೊದಲಾದವರು ತೆಗೆದ ಚಿತ್ರಗಳೊಡನೆ ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದ ಸಮೇತ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅಂದಿನ ಛಾಯಾಚಿತ್ರಕ್ಕೆ ವಸ್ತುವು ಬಹಳ ಹೊತ್ತು ಅಲುಗಾಡದೆ ಇರಬೇಕಾಗಿತ್ತಾದುದರಿಂದ ಶಿಲಾಬಾಲಿಕೆಯರಿಗಿಂತ ವಿಧೇಯರಾದವರು ಮತ್ತಾರು ದೊರೆತಾರು?

1857ರ ಮಹಾದಂಗೆಯು ಇದೆಲ್ಲವನ್ನೂ ಬೇರೊಂದು ದಿಕ್ಕಿಗೆ ತಿರುಗಿಸಿತು. ತಾವು ಆಳುತ್ತಿರುವ ಜನ ಯಾರೆಂಬುದೇ ತಮಗೆ ತಿಳಿಯದೆಂಬ ಭೀತಿ ಅಧಿಕಾರಸ್ಥರನ್ನು ಹಿಡಿಯಿತು. ವೈಸರಾಯ್ ಕ್ಯಾನಿಂಗನು ಕೌತುಕಕ್ಕಾಗಿ ಆರಂಭಿಸಿದ್ದ ಚಿತ್ರಸಂಗ್ರಹವು ಸರ್ಕಾರದ ಕಾರ್ಯವಾಗಿ ಬೆಳೆದು, ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಇವರ ಸಂಪಾದಕತ್ವದಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಹೆಸರಿನಿಂದ 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ನಾನೂರಕ್ಕೂ ಮಿಕ್ಕ ಛಾಯಾಚಿತ್ರಗಳು. ಒಂದೊಂದರ ಜೊತೆಗೂ ಒಂದೊಂದು ವಿವರಣೆ. ಇಂಥವರು ನಂಬಿಗಸ್ಥರು, ಇಂಥವರು ಕಳ್ಳರು, ಇಂಥವರು ದಂಗೆಯಲ್ಲಿ ಸರ್ಕಾರದ ಪಕ್ಷ ಬಿಡಲಿಲ್ಲ ಎಂಬ ಧಾಟಿಯ ಟಿಪ್ಪಣಿಗಳನ್ನು ಓದಿದ ಮೇಲೆ ಚಿತ್ರದತ್ತ ಮರಳಿದರೆ, ಅಲ್ಲಿ ಕುಳಿತಿರುವ ಮುದುಕನ ಮುಖದಲ್ಲಿ ನಾವೂ ಕಳ್ಳತನವನ್ನು ಹುಡುಕಲು ತೊಡಗುತ್ತೇವೆ. ಪುಸ್ತಕದ ಭಯಂಕರವಾದ ಶಕ್ತಿ ಇರುವುದು ಅಲ್ಲಿ. ಸಂಪುಟಗಳು ಇನ್ನೂ ಅಚ್ಚಾಗುತ್ತಿದ್ದ 1871ರಲ್ಲಿಯೇ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಜಾರಿಗೆ ಬಂದು, ಕೆಲವು ಕುಲಗಳಲ್ಲಿ ಹುಟ್ಟಿದವರೆಲ್ಲರೂ ಹುಟ್ಟಿನಿಂದಲೇ ಅಪರಾಧಿಗಳೆನಿಸಿದರು.

ದಕ್ಷಿಣದಲ್ಲಿ ಈ ವಿದ್ಯೆಯ ಮಹಾಪುರುಷನೆಂದರೆ ಎಡ್ಗರ್ ಥರ್ಸ್ಟನ್. 1885ರಿಂದ 1908ರ ವರೆಗೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧ್ಯಕ್ಷನಾಗಿದ್ದ ಈತನು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು ಹೊರತಂದನು. ಇಂದಿಗೂ ನಮ್ಮ ಜಾನಪದ ಸಂಶೋಧಕರು ಆ ಸಂಪುಟಗಳನ್ನು ಬಿಟ್ಟು ಮುಂದೆ ಹೋಗಲಾರರು. ಅದರ ಉಪಕಾರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಥರ್ಸ್ಟನ್ನನ ಕೈಯಲ್ಲಿ ಯಾವಾಗಲೂ ಮೂಗಿನ ಉದ್ದಗಲ, ತಲೆಯ ಸುತ್ತಳತೆಗಳನ್ನು ಅಳೆಯುವ ಕವೆಗೋಲು ಇತ್ತು. ವೈನಾಡಿನ ಪಣಿಯ ಹೆಂಗಸರು ತನ್ನನ್ನು ಕಂಡೊಡನೆ ಓಡಿಹೋದರೆಂದೂ, ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಒಳಗೆ ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುವನೆಂದು ಅವರು ಹೆದರಿದ್ದರೆಂದೂ ಅವನೇ ಬರೆದುಕೊಂಡಿದ್ದಾನೆ. ಬರೆದು, ಹಾಗೆ ಮಾಡಲು ಸಾಧ್ಯವಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂಬರ್ಥದ ಮಾತನ್ನೂ ವಿನೋದಕ್ಕಾಗಿ ಸೇರಿಸಿದ್ದಾನೆ. ಆ ವಿನೋದವನ್ನು ಓದುವಾಗ ನನ್ನ ಮನಸ್ಸು ಕುದಿಯುತ್ತದೆ. ಅಕ್ಷರ ಅರಿಯದ ಆ ತಾಯಂದಿರು ವಿದ್ವಾಂಸನ ವಿದ್ಯೆಯ ಅಂತರಂಗವನ್ನು ಒಂದೇ ನೋಟದಲ್ಲಿ ಅರಿತುಕೊಂಡಿದ್ದರು. ಅವನಾದರೋ ಅವರ ಭಯವನ್ನು ಮೌಢ್ಯವೆಂದು ದಾಖಲೆ ಮಾಡಿದನು.

ನಮ್ಮವರೂ ಈ ಚೌಕಟ್ಟಿನಿಂದ ಹೊರಗೆ ಉಳಿಯಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ಸಂಸ್ಥಾನದ ಜನಾಂಗ ಸಮೀಕ್ಷೆಯ ಹೊಣೆ ಹೊತ್ತು ಶ್ರಮಿಸಿದರು. ಅವರ ನಿಧನಾನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರೈಸಿ, 1928ರಿಂದ 1935ರ ವರೆಗೆ ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳನ್ನು ಕುರಿತ ನಾಲ್ಕು ಸಂಪುಟಗಳನ್ನು ವಿಶ್ವವಿದ್ಯಾನಿಲಯದಿಂದ ಪ್ರಕಟಪಡಿಸಿದರು. ಅವರ ದೃಷ್ಟಿಯಲ್ಲಿ ಥರ್ಸ್ಟನ್ನನಿಗಿಲ್ಲದ ಬಾಂಧವ್ಯವಿದೆ. ಆದರೂ ಚಿತ್ರಗಳ ಸರದಿ ಬಂದಾಗ ಕುಲದ ಹೆಸರಿನ ಕೆಳಗೆ ನಿಂತ ಗುಂಪು, ಕ್ಯಾಮೆರಾವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿರುವ ಹೆಸರಿಲ್ಲದ ಮುಖಗಳು, ಅದೇ ಅಚ್ಚು.

ಇತ್ತ ಪೇಟೆಯ ಬೀದಿಗಳಲ್ಲಿ ಇನ್ನೊಂದು ಬಗೆಯ ಪರದೆಯು ಬಳಕೆಗೆ ಬಂದಿತ್ತು. ಮದರಾಸಿನ ವೀಲೆ ಅಂಡ್ ಕ್ಲೈನ್, ಬೆಂಗಳೂರಿನ ಬಾರ್ಟನ್ ಸನ್ ಮೊದಲಾದ ಸ್ಟುಡಿಯೋಗಳಲ್ಲಿ ರಾಜರೂ ವಕೀಲರೂ ಹೊಸ ಮದುವೆಯ ದಂಪತಿಗಳೂ ಹಣಕೊಟ್ಟು ತಮ್ಮ ಚಿತ್ರ ತೆಗೆಸಿಕೊಳ್ಳತೊಡಗಿದರು. ಅವರ ಹಿಂದೆ ಅಳತೆಯ ಚೌಕಗಳಿಲ್ಲ. ಬಣ್ಣದಲ್ಲಿ ಬರೆದ ಕಂಬಗಳ ಸಾಲು, ಸೋಪಾನ, ದೂರದಲ್ಲೊಂದು ಸರೋವರ, ಪಕ್ಕದಲ್ಲಿ ಮೂರುಕಾಲಿನ ಮೇಜಿನ ಮೇಲೆ ಹೂದಾನಿ. ನಾಟಕ ಕಂಪನಿಗಳು ಪಾರಸಿ ರಂಗಭೂಮಿಯಿಂದ ಕಲಿತು ಬಂದ ಅರಮನೆಯ ಪರದೆ, ಉದ್ಯಾನದ ಪರದೆಗಳೂ ಈ ಸ್ಟುಡಿಯೋ ಪರದೆಗಳೂ ಒಂದೇ ವಂಶದವು. ಗುಬ್ಬಿ ಕಂಪನಿಯ ನಾಟಕ ನೋಡಿ ಬಂದವನು ಮರುದಿನ ಸ್ಟುಡಿಯೋದಲ್ಲಿ ಅಂಥದೇ ಅರಮನೆಯ ಮುಂದೆ ನಿಂತು, ತಾನೂ ಒಂದು ಕ್ಷಣ ರಾಜಗಾಂಭೀರ್ಯವನ್ನು ಅನುಭವಿಸಬಹುದಾಗಿತ್ತು. ಇಲ್ಲಿ ನಿಲ್ಲುವ ಭಂಗಿಯನ್ನು ಆರಿಸುವುದರಲ್ಲಿ ನಿಂತವನಿಗೂ ಪಾಲುಂಟು, ಚಿತ್ರವೂ ಅವನ ಮನೆಗೇ ಹೋಗುತ್ತದೆ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಬಣ್ಣದಚ್ಚಿನ ಮುದ್ರಣಾಲಯವು ಲಕ್ಷ್ಮಿ ಸರಸ್ವತಿಯರನ್ನೂ ಇಂಥದೇ ಪರದೆಗಳ ಮುಂದೆ ನಿಲ್ಲಿಸಿ ನಾಡಿನ ಮೂಲೆಮೂಲೆಯ ಗೋಡೆಗಳಿಗೆ ತಲಪಿಸಿತು. ದೇವಿಯೆಂದರೆ ಹೀಗಿರುತ್ತಾಳೆ, ಕುಲಸ್ತ್ರೀಯೆಂದರೆ ಹೀಗಿರುತ್ತಾಳೆ ಎಂಬುದು ಹೀಗೆ ನಿಶ್ಚಿತವಾಯಿತು. ಪರದೆ ಸುಂದರವಾಗಿದ್ದ ಮಾತ್ರಕ್ಕೆ ಅದರ ಆಜ್ಞೆ ಕಡಮೆಯದಾಗಿರಲಿಲ್ಲ.

ಈ ಎರಡು ಪರದೆಗಳ ಇತಿಹಾಸವನ್ನು ಜೋಡಿಸಿ ನೋಡಿದವರು ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಬರೋಡೆಯಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿ, ಮೊದಲು ಸುಟ್ಟಮಣ್ಣಿನ ಶಿಲ್ಪಗಳಿಂದ ಹೆಸರು ಗಳಿಸಿದರು. 1990ರ ದಶಕದ ನಡುವಿನಲ್ಲಿ ತಮ್ಮ ದೇಹವನ್ನೇ ಮಾಧ್ಯಮವಾಗಿಸಿಕೊಂಡು, ವೇಷ ಧರಿಸಿ, ಕಟ್ಟಿಸಿದ ದೃಶ್ಯದೊಳಗೆ ನಿಂತು ಛಾಯಾಚಿತ್ರ ತೆಗೆಸುವ ಹೊಸ ಕ್ರಮವೊಂದನ್ನು ಹಿಡಿದರು. ಮುಂಬಯಿಯ ರಾತ್ರಿಗಳಲ್ಲಿ ಹಳೆಯ ಸಾಹಸಚಿತ್ರಗಳ ಮುಖವಾಡದ ನಾಯಕಿಯಾಗಿ ಅವರು ಕಾಣಿಸಿಕೊಂಡ 'ಫ್ಯಾಂಟಮ್ ಲೇಡಿ' 1996ರಿಂದ 1998ರ ವರೆಗಿನದು. ಮುಂಬಯಿಯಲ್ಲಿ ದಶಕಗಳ ಕಾಲ ತಾರೆಯರ ಭಾವಚಿತ್ರಗಳನ್ನು ತೆಗೆದಿದ್ದ ಜೆ. ಎಚ್. ಠಕ್ಕರ್ ಅವರ ಇಂಡಿಯಾ ಫೋಟೋ ಸ್ಟುಡಿಯೋಕ್ಕೆ ಅವರು ಹೋದದ್ದು ಆ ಬಳಿಕ. ದೀಪವನ್ನು ಎಲ್ಲಿಟ್ಟರೆ ಕೆನ್ನೆಯ ಮೇಲೆ ನೆರಳು ಎಷ್ಟು ಇಳಿಯುತ್ತದೆ, ಕಣ್ಣಂಚಿನಲ್ಲಿ ಹೊಳಪು ಹೇಗೆ ನಿಲ್ಲುತ್ತದೆ ಎಂಬ ಆ ವೃದ್ಧರ ಕಸುಬಿನ ಜ್ಞಾನಕ್ಕೆ ಅವರು ಶಿಷ್ಯಭಾವದಿಂದ ತಮ್ಮ ಮುಖವನ್ನು ಒಪ್ಪಿಸಿದರು. 1950ರ ದಶಕದ ನಾಯಕಿಯರ ವಿಷಾದವೂ ವಿಲಾಸವೂ ದೀಪದ ಕೆಲಸವೆಂಬುದು ಆ ಚಿತ್ರಗಳಲ್ಲಿ ಕಣ್ಣಿಗೆ ಕಟ್ಟುತ್ತದೆ.

ಅವರ ಮುಖ್ಯವಾದ ಕೃತಿಯೆಂದು ನಾನು ಎಣಿಸುವುದು 2000ದಿಂದ 2004ರ ವರೆಗೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ ರಚಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಎಂಬ ಚಿತ್ರಮಾಲೆಯನ್ನು. ಆಬೆ ದ್ಯುಬುವಾನ ಹೊತ್ತಗೆಯಂಥ ಶೀರ್ಷಿಕೆ. ಒಳಗೆ ದಕ್ಷಿಣದ ಹೆಂಗಸಿನ ವಿವಿಧ ಮಾದರಿಗಳು, ಎಲ್ಲರ ಮುಖವೂ ಒಬ್ಬರದೇ. ಬೆಳದಿಂಗಳಿನಲ್ಲಿ ನೀರಿನ ದಂಡೆಯಲ್ಲಿ ಕುಳಿತ ರವಿವರ್ಮನ ಸ್ತ್ರೀ ಅಲ್ಲಿದ್ದಾಳೆ. ಕಮಲ ಹಿಡಿದ ಲಕ್ಷ್ಮಿ ಇದ್ದಾಳೆ. ಆದಿಲಶಾಹಿ ವಿಜಾಪುರದ ಚಿತ್ರಕಾರನೊಬ್ಬನು ಬರೆದ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ, ಗೊರವಂಕದ ಹಕ್ಕಿಯನ್ನು ಕೈಯಲ್ಲಿ ಹಿಡಿದು ನಿಂತ ಆ ನೀಳಕಾಯದ ಯೋಗಿನಿಯೂ ಇದ್ದಾಳೆ. ನಮ್ಮ ನೆಲದಲ್ಲಿಯೇ ಹುಟ್ಟಿ ಕಡಲಾಚೆಗೆ ಹೋದ ಆ ಅಪೂರ್ವ ಚಿತ್ರವನ್ನು ಕನ್ನಡಿಗರಲ್ಲಿ ಕಂಡವರು ಎಷ್ಟು ಜನ? ಬೆಂಗಳೂರಿನ ಕಲಾವಿದೆಯೊಬ್ಬರು ಅವಳ ಒಡವೆ, ಅವಳ ನಿಲುವುಗಳನ್ನು ತಮ್ಮ ಮೈಮೇಲೆ ಧರಿಸಿದ ಮೇಲೆ ಅವಳು ಒಂದು ರೀತಿಯಲ್ಲಿ ಮನೆಗೆ ಬಂದಳೆಂದೇ ನನ್ನ ಭಾವನೆ.

ಇವರ ನಡುವೆಯೇ, ಚೌಕಗಳ ಪರದೆಯ ಮುಂದೆ ನಿಂತ ತೊದವ ಹೆಂಗಸೂ ಇದ್ದಾಳೆ. ನೀಲಗಿರಿಯ ತೊದವರಷ್ಟು ಅಳೆಯಲ್ಪಟ್ಟ ಜನ ದಕ್ಷಿಣದಲ್ಲಿ ಇನ್ನೊಂದಿರಲಾರದು. ಕರ್ನಲ್ ಮಾರ್ಷಲ್ಲನು 1873ರಲ್ಲಿ ತಲೆಬುರುಡೆಯ ಲಕ್ಷಣಶಾಸ್ತ್ರದ ದೃಷ್ಟಿಯಿಂದ ಅವರನ್ನು ಕುರಿತು ಪುಸ್ತಕ ಬರೆದನು. 1906ರಲ್ಲಿ ರಿವರ್ಸ್ ಮಹಾಗ್ರಂಥವೊಂದನ್ನು ರಚಿಸಿದನು. ಉದಕಮಂಡಲಕ್ಕೆ ಹವಾ ಬದಲಾವಣೆಗೆ ಬಂದ ಸಾಹೇಬರೆಲ್ಲ ಅವರ ಚಿತ್ರದ ಕಾರ್ಡು ಕೊಂಡೊಯ್ದರು. ಕೆಂಪು ಕಪ್ಪು ಕಸೂತಿಯ ಬಿಳಿಯ ಹೊದಿಕೆಯೂ ಸುರುಳಿ ಸುರುಳಿಯಾಗಿ ಇಳಿಬಿಟ್ಟ ಕೂದಲೂ ಅವರ ಗುರುತಾಗಿ ನಿಂತವು. ಹೊದ್ದವಳ ಹೆಸರನ್ನು ಬರೆದಿಟ್ಟವರು ವಿರಳ. ಪುಷ್ಪಮಾಲಾ ಅವಳ ಸ್ಥಾನದಲ್ಲಿ ನಿಂತಾಗ, ಆ ಪರದೆಯ ಮುಂದಿನ ದೃಷ್ಟಿಯಲ್ಲಿ ಮೊದಲ ಬಾರಿಗೆ, ತನ್ನನ್ನು ನೋಡುತ್ತಿರುವವರು ಯಾರೆಂಬುದನ್ನು ಬಲ್ಲವಳ ತಿಳಿವು ಮೂಡುತ್ತದೆ. ಇನ್ನೊಂದು ಚಿತ್ರದಲ್ಲಿ, ಕಳವಿನ ಆರೋಪಕ್ಕೆ ಗುರಿಯಾಗಿ ಹಲಗೆ ಹಿಡಿದು ನಿಂತ ಇಬ್ಬರು ಹೆಂಗಸರ ಪತ್ರಿಕಾಚಿತ್ರವೊಂದನ್ನು ಅವರು ಪುನಃ ಕಟ್ಟಿದ್ದಾರೆ. ಮೂಲಚಿತ್ರ ಇಪ್ಪತ್ತೊಂದನೆಯ ಶತಮಾನದ ಆರಂಭದ್ದು. ಅಪರಾಧಿ ಕುಲಗಳ ಶಾಸನವು 1952ರಲ್ಲಿಯೇ ರದ್ದಾಗಿತ್ತು. ಅದರ ಭಂಗಿ ಮಾತ್ರ ಪೊಲೀಸು ಠಾಣೆಗಳಲ್ಲಿಯೂ ಬೆಳಗಿನ ಪತ್ರಿಕೆಗಳಲ್ಲಿಯೂ ಅಬಾಧಿತವಾಗಿ ನಡೆದುಕೊಂಡು ಬಂದಿತ್ತು. ಲಕ್ಷ್ಮಿಯ ಪಕ್ಕದಲ್ಲಿ ಈ ಆರೋಪಿತೆಯರು, ಯೋಗಿನಿಯ ಪಕ್ಕದಲ್ಲಿ ಆ ತೊದವಳು: ಹೀಗೆ ಒಂದೇ ಸಾಲಿನಲ್ಲಿ ನಿಂತಾಗ, ಪೂಜೆಗೆ ಯೋಗ್ಯಳಾದವಳನ್ನೂ ಠಾಣೆಗೆ ಯೋಗ್ಯಳಾದವಳನ್ನೂ ಒಂದೇ ಕಾರ್ಖಾನೆ ತಯಾರಿಸಿತೆಂಬುದು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ವಿಶದವಾಗುತ್ತದೆ.

ಇಲ್ಲೊಂದು ಆಕ್ಷೇಪವುಂಟು, ಮತ್ತು ಅದು ಹಗುರವಾದುದಲ್ಲ. ವಿದ್ಯಾವಂತೆಯಾದ, ನಗರವಾಸಿನಿಯಾದ ಕಲಾವಿದೆಯೊಬ್ಬರು ಬೆಟ್ಟದ ಹೆಂಗಸಿನ ಸ್ಥಾನದಲ್ಲಿ ನಿಲ್ಲುವುದೂ ಆಕೆಯ ಚಿತ್ರವನ್ನು ಮತ್ತೊಮ್ಮೆ ಎತ್ತಿಕೊಂಡಂತೆಯೇ ಅಲ್ಲವೆ? ಪೋರ್ಟ್‌ಮನ್ನನೆದುರು ನಿಂತವಳಿಗೆ ನಿರಾಕರಿಸುವ ಸ್ವಾತಂತ್ರ್ಯವಿರಲಿಲ್ಲ; ಪುಷ್ಪಮಾಲಾ ಅವರಿಗಾದರೋ ವೇಷ ಕಳಚಿ ಮನೆಗೆ ಹೋಗುವ ಸ್ವಾತಂತ್ರ್ಯವಿದೆ. ಈ ವ್ಯತ್ಯಾಸವನ್ನು ಯಾವ ಕಲೆಯೂ ಅಳಿಸಲಾರದೆಂದು ನಾನು ಒಪ್ಪುತ್ತೇನೆ. ಆದರೆ ಅದನ್ನು ಅಳಿಸಿದೆನೆಂದು ಕೃತಿಯು ಹೇಳಿಕೊಳ್ಳುವುದಿಲ್ಲವೆಂಬುದನ್ನೂ ಗಮನಿಸಬೇಕು. ಮಾಲೆಯ ಒಂದು ಭಾಗವನ್ನು ಅವರು ಚಿತ್ರಗಳು ತಯಾರಾದ ಬಗೆಯನ್ನು ತೋರಿಸುವುದಕ್ಕೇ ಮೀಸಲಿಟ್ಟಿದ್ದಾರೆ. ಬಣ್ಣ ಹಚ್ಚುವುದು, ದೃಶ್ಯವನ್ನು ಅಣಿಗೊಳಿಸುವುದು, ಸಾಮಾನುಗಳನ್ನು ಜೋಡಿಸುವುದು ಎಲ್ಲವೂ ಅಲ್ಲಿ ಬಯಲಿಗೆ ಬಂದಿವೆ. ಥರ್ಸ್ಟನ್ನನ ಏಳು ಸಂಪುಟಗಳಲ್ಲಿ ಇಂಥದೊಂದು ಅಧ್ಯಾಯವಿದ್ದಿದ್ದರೆ, ಪರದೆ ಹಿಡಿದವರಾರು, ನಿಲ್ಲೆಂದವರಾರು, ಓಡಿಹೋದವರನ್ನು ಮರಳಿ ಕರೆತಂದವರಾರು ಎಂಬುದನ್ನು ಅವನು ಅಷ್ಟೇ ಶ್ರದ್ಧೆಯಿಂದ ಬರೆದಿದ್ದಿದ್ದರೆ, ಆ ಗ್ರಂಥದ ಬೆಲೆ ನೂರ್ಮಡಿಯಾಗುತ್ತಿತ್ತು.

ತಮಗಿಂತ ಬಲಹೀನರ ಸ್ಥಾನದಲ್ಲಿ ಮಾತ್ರ ನಿಂತವರೂ ಅವರಲ್ಲ. ವಾಸ್ಕೋ ಡ ಗಾಮನ ನೌಕಾಯಾತ್ರೆಗೆ ನಾನೂರು ವರ್ಷ ತುಂಬಿದ 1898ರಲ್ಲಿ ಪೋರ್ಚುಗಲ್ಲಿನ ಚಿತ್ರಕಾರ ವೆಲೋಸೋ ಸಾಲ್ಗಾದೋ, ಕಲ್ಲಿಕೋಟೆಯಲ್ಲಿ ಸಾಮೂದಿರಿಯ ಆಸ್ಥಾನಕ್ಕೆ ಗಾಮನು ಬಂದ ಪ್ರಸಂಗವನ್ನು ಬೃಹತ್ತಾದ ಪಟದಲ್ಲಿ ಬರೆದನು. ಅದರಲ್ಲಿ ಗಾಮನು ಇತಿಹಾಸವನ್ನೇ ಕೈಯಲ್ಲಿ ಹಿಡಿದವನಂತೆ ಧೀರನಾಗಿ ನಿಂತಿದ್ದಾನೆ. 2014ರಲ್ಲಿ, ಅದೇ ಕರಾವಳಿಯ ಕೊಚ್ಚಿಯ ಬಿಯನಾಲೆಗಾಗಿ, ಪುಷ್ಪಮಾಲಾ ಆ ಪಟವನ್ನು ಪರದೆ ವೇಷಗಳ ಸಮೇತ ಪುನಃ ಕಟ್ಟಿ, ಗಾಮನ ಪಾತ್ರವನ್ನು ತಾವೇ ಧರಿಸಿದರು. ಆ ಯಾತ್ರೆಯಲ್ಲಿ ಜೊತೆಗಿದ್ದವನೊಬ್ಬನು ಬರೆದಿಟ್ಟ ದಿನಚರಿಯಲ್ಲಿ ಅರಸನಿಗೆಂದು ಗಾಮನು ಸಿದ್ಧಪಡಿಸಿದ ಕಾಣಿಕೆಗಳ ಪಟ್ಟಿಯಿದೆ: ಪಟ್ಟೆಯ ಬಟ್ಟೆಯ 12 ತುಂಡುಗಳು, ಕೆಂಪು ಕುಲಾವಿಗಳು 4, ಟೋಪಿಗಳು 6, ಹವಳದ ಸರಗಳು 4, ಕೈತೊಳೆಯುವ ಬೋಗುಣಿಗಳು 6, ಒಂದು ಪೆಟ್ಟಿಗೆ ಸಕ್ಕರೆ, ಎರಡೆರಡು ಪೀಪಾಯಿ ಎಣ್ಣೆ ಮತ್ತು ಜೇನು. ಇದನ್ನು ನೋಡಲು ಬಂದ ಆಸ್ಥಾನದ ಅಧಿಕಾರಿಗಳು ನಕ್ಕು, ಮೆಕ್ಕೆಯಿಂದ ಬರುವ ಅತಿ ಬಡ ವರ್ತಕನೂ ಇದಕ್ಕಿಂತ ಹೆಚ್ಚು ತರುತ್ತಾನೆ, ಅರಸನಿಗೆ ಚಿನ್ನವನ್ನು ಕಳುಹಿಸಿರೆಂದು ಹೇಳಿದರೆಂದೂ ಅದೇ ದಿನಚರಿ ದಾಖಲಿಸುತ್ತದೆ. ಸಾಲ್ಗಾದೋ ಬರೆದ ಪಟದಲ್ಲಿ ಆ ಬೋಗುಣಿಗಳೂ ಇಲ್ಲ, ಆ ನಗೆಯೂ ಇಲ್ಲ.